ಸೊಸೆ ಕಟ್ಟಿದ ಉಗ್ರಾಣ

ನನ್ನ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು ‘ಉಗ್ರಾಣ ಕಟ್ಟುತ್ತಾಳೆ’ ಎಂದುಬಿಡುತ್ತಿದ್ದೆ. ಅವಳು ಡೇಟಾ ವೇರ್‌ಹೌಸ್ ಎಂದು ಹೇಳಿದ್ದನ್ನು ನನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡಿದ್ದೆ. ಕೆಳಗಿನ ಮನೆಯಾಕೆ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡು, ತಮ್ಮ ಮನೆಗೆ ಬಣ್ಣ ಬಳಿದು ಮುಗಿಯುವವರೆಗೆ ಎರಡು ಬೀರು, ಒಂದು ಮಂಚ ಇಡಲು ಅಲ್ಲಿ ಜಾಗ ಸಿಗುತ್ತದೆಯೇ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದು ನಾನೂ ಮಾತು ಕೊಟ್ಟು ಬಂದೆ. ಅದನ್ನು ಕೇಳಿ ಸೊಸೆ ನಕ್ಕ ರಭಸಕ್ಕೆ ಕುಡಿಯುತ್ತಿದ್ದ ಟೀ ಅವಳ ನೆತ್ತಿಗೇರಿತು.

ಕೆಮ್ಮು ನಿಂತ ಮೇಲೆ ಅವಳೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಅವಳಿದ್ದ ಕಚೇರಿಯ ಕೈಕೆಳಗೆ ಇಪ್ಪತ್ಮೂರು ರಕ್ತನಿಧಿಗಳಿದ್ದವು. ಯಾರು ರಕ್ತ ಕೊಟ್ಟರು, ಯಾವ ಚೀಲ ಯಾವ ಆಸ್ಪತ್ರೆಗೆ ಹೋಯಿತು, ಯಾರಿಗೆ ಏರಿಸಿದರು ಎಂಬುದನ್ನೆಲ್ಲ ಒಂದೊಂದು ಕಡೆ ಒಂದೊಂದು ಥರ ಬರೆದಿಡುತ್ತಿದ್ದರು. ಒಬ್ಬರು ದಿನಾಂಕದಲ್ಲಿ ದಿನವನ್ನು ಮೊದಲು ಬರೆದರೆ ಇನ್ನೊಬ್ಬರು ತಿಂಗಳನ್ನು ಮೊದಲು ಬರೆಯುತ್ತಿದ್ದರು. ‘ಓ’ ಗುಂಪಿನ ರಕ್ತಕ್ಕೆ ಕೆಲವರು ಅಕ್ಷರ ಒತ್ತುತ್ತಿದ್ದರು, ಕೆಲವರು ಸೊನ್ನೆ ಒತ್ತುತ್ತಿದ್ದರು. ಇದನ್ನೆಲ್ಲ ಒಂದೇ ಕಡೆ ತಂದು, ಯಾರು ಯಾವಾಗ ಏನು ಕೇಳಿದರೂ ಉತ್ತರ ಸಿಗುವ ಹಾಗೆ ಜೋಡಿಸಿಡಬೇಕಿತ್ತು. ಆ ಉಗ್ರಾಣದ ನಕ್ಷೆ ಬರೆಯುವ ಕೆಲಸ ಅವಳಿಗೆ ಬಿದ್ದಿತ್ತು.

ಬಿದ್ದಿತ್ತು ಎನ್ನುವುದಕ್ಕಿಂತ, ಅವಳೇ ಕೈ ಎತ್ತಿ ಕೇಳಿ ಪಡೆದಿದ್ದಳು ಎನ್ನಬೇಕು. ನಮ್ಮ ಮನೆಗೆ ಬಂದಾಗ ಅವಳು ರಕ್ತನಿಧಿಯೊಂದರಲ್ಲಿ ಅರ್ಜಿಗಳನ್ನು ಕಂಪ್ಯೂಟರಿಗೆ ಹೊಡೆಯುವ ಕೆಲಸದಲ್ಲಿದ್ದಳು. ಏಳು ವರ್ಷ ಅದನ್ನೇ ಮಾಡಿದಳು. ಆ ನಡುವೆಯೇ ಓದಿದಳು, ಪರೀಕ್ಷೆ ಕಟ್ಟಿದಳು, ಒಂದರಲ್ಲಿ ನಪಾಸಾದಳು, ಮತ್ತೆ ಕಟ್ಟಿ ಪಾಸಾಗಿ ಈ ಕಚೇರಿಗೆ ಬಂದಳು. ನನ್ನ ಮಗ ಬಸ್ಸು ಓಡಿಸುತ್ತಾನೆ. ಬೆಳಗಿನ ಪಾಳಿ ಮುಗಿಸಿ ಬಂದು ಅಡುಗೆ ಮಾಡಿಟ್ಟು, ಅವಳ ಪುಸ್ತಕಕ್ಕೆ ಎಣ್ಣೆ ತಾಗದಂತೆ ಹಳೆಯ ಪೇಪರು ಹಾಸುತ್ತಿದ್ದ. ಅಷ್ಟೆಲ್ಲ ಆದರೂ ಕಚೇರಿಯಲ್ಲಿ ಹಳಬರ ಬಾಯಲ್ಲಿ ಅವಳು ‘ಟೈಪಿಂಗ್ ಅಕ್ಕ’ನಾಗಿಯೇ ಉಳಿದಿದ್ದಳು.

ಆ ಕಚೇರಿಯ ನಿರ್ದೇಶಕರು ಡಾಕ್ಟರು, ಒಳ್ಳೆಯವರೇ. ಆದರೆ ಎಲ್ಲದಕ್ಕೂ ಆತುರ. ಕಚೇರಿಯ ವಾರ್ಷಿಕ ಸಭೆಯ ದಿನ ಗೋಡೆಯ ಮೇಲೊಂದು ದೊಡ್ಡ ಪರದೆಯಿರಬೇಕು, ಅದರಲ್ಲಿ ಇಪ್ಪತ್ಮೂರು ರಕ್ತನಿಧಿಗಳ ಲೆಕ್ಕ ಬಣ್ಣಬಣ್ಣವಾಗಿ ಮಿನುಗಬೇಕು ಎಂಬುದು ಅವರ ಆಸೆ. ಅದಕ್ಕೆಂದೇ ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದ್ದರು. ಆತ ಬಂದ ಎರಡನೆಯ ದಿನವೇ ಒಂದು ಯೋಜನೆ ಮುಂದಿಟ್ಟರು. ನೂರ ನಲವತ್ತು ಕಾಲಂಗಳ ಒಂದೇ ಒಂದು ದೊಡ್ಡ ಪಟ್ಟಿ. ಎಲ್ಲರ ಮಾಹಿತಿಯನ್ನೂ ತಿದ್ದಿ, ಬೇಡದ್ದನ್ನು ಬಿಸಾಡಿ, ಅದರೊಳಗೆ ತುಂಬಿದರೆ ನಾಲ್ಕು ತಿಂಗಳಲ್ಲಿ ಪರದೆ ಸಿದ್ಧ.

ಸೊಸೆಗೆ ಅದು ಹಿಡಿಸಲಿಲ್ಲ. ಏಳು ವರ್ಷ ಅರ್ಜಿ ಹೊಡೆದವಳಿಗೆ, ಇವತ್ತು ಬೇಡವೆಂದು ಬಿಸಾಡಿದ್ದನ್ನೇ ನಾಳೆ ಹುಡುಕುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಸಭೆಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಮನೆಯಲ್ಲಿ ಒಂದು ವಾರ ಹಾಳೆ ಹಾಳೆ ಬರೆದು ಹರಿದಳು. ಕೊನೆಗೆ ಒಂದು ಸಂಜೆ ನನ್ನನ್ನು ಕೇಳಿದಳು, ಅತ್ತೆ, ನಿಮ್ಮ ವಾರ್ಡಿನಲ್ಲಿ ಮಕ್ಕಳ ಲೆಕ್ಕ ಹೇಗೆ ಇಡುತ್ತಿದ್ದಿರಿ ಎಂದು.

ನಾನು ಮೂವತ್ತಾರು ವರ್ಷ ನರ್ಸಾಗಿದ್ದವಳು. ಅದರಲ್ಲಿ ಇಪ್ಪತ್ತೆರಡು ವರ್ಷ ನವಜಾತ ಶಿಶುಗಳ ವಾರ್ಡಿನಲ್ಲಿ. ಕೇಳಿದ್ದಕ್ಕೆ ಹೇಳಿದೆ. ಹುಟ್ಟಿದ ಮಗುವಿಗೆ ಹೆಸರಿರುವುದಿಲ್ಲ. ತೂಕ ದಿನಕ್ಕೊಂದು. ಇವತ್ತಿನ ತೊಟ್ಟಿಲು ನಾಳೆ ಇಲ್ಲ. ತಾಯಿಯನ್ನು ಬೇರೆ ವಾರ್ಡಿಗೆ ಹಾಕಬಹುದು. ಅದಕ್ಕೇ ಮಗುವಿನ ಕಾಲಿಗೆ ಒಂದು ನಂಬರಿನ ಪಟ್ಟಿ ಕಟ್ಟುತ್ತಿದ್ದೆವು. ಮನೆಗೆ ಹೋಗುವವರೆಗೂ ಅದು ಬದಲಾಗುವ ಹಾಗಿಲ್ಲ. ಉಳಿದದ್ದೆಲ್ಲ ಬೇರೆ ಹಾಳೆಯಲ್ಲಿ, ದಿನಕ್ಕೊಂದು ಹೊಸ ಸಾಲು, ಬರೆದವರ ಸಹಿಯೊಂದಿಗೆ. ತಪ್ಪಾದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯಬೇಕು. ಯಾವ ಮಗು ಯಾವ ತಾಯಿಯದು ಎಂಬುದಕ್ಕೆ ಇನ್ನೊಂದು ಪುಸ್ತಕವೇ ಇತ್ತು.

ಅವಳು ಪೆನ್ನು ಕೆಳಗಿಟ್ಟಳು.

“ಅತ್ತೆ, ಒಂದು ವಾರದಿಂದ ನಾನು ಹೇಳೋಕೆ ಒದ್ದಾಡ್ತಿರೋದು ಇದನ್ನೇ,” ಎಂದಳು. “ಬದಲಾಗದ್ದು ಒಂದು ಕಡೆ, ಬದಲಾಗೋದು ಇನ್ನೊಂದು ಕಡೆ. ಯಾರಿಗೆ ಯಾರು ಸಂಬಂಧ ಅನ್ನೋದು ಮತ್ತೊಂದು ಕಡೆ.”

“ಇದಕ್ಕೆ ಅಷ್ಟೊಂದು ಪರೀಕ್ಷೆ ಬರೀಬೇಕಿತ್ತೇನಮ್ಮಾ?” ಎಂದೆ ನಾನು.

ಸಭೆಯಲ್ಲಿ ನಡೆದದ್ದನ್ನು ಅವಳು ಆಮೇಲೆ ನನಗೆ ಹೇಳಿದಳು. ತನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ ವಿವರಿಸಿದ್ದಳಂತೆ. ಬಂದ ಮಾಹಿತಿಯನ್ನು ಬಂದ ಹಾಗೆಯೇ, ಎಲ್ಲಿಂದ ಯಾವಾಗ ಬಂತು ಎಂಬ ಗುರುತಿನೊಂದಿಗೆ ಮೊದಲು ಎತ್ತಿಡುವುದು. ಆಮೇಲೆ ಮನುಷ್ಯರು, ಚೀಲಗಳು, ಆಸ್ಪತ್ರೆಗಳು, ಇವುಗಳಿಗೆ ಬರೀ ಒಂದೊಂದು ನಂಬರು. ಅವುಗಳ ಬಗ್ಗೆ ನಮಗೆ ತಿಳಿದದ್ದು ಬೇರೆ, ಅವುಗಳ ನಡುವಿನ ನಂಟು ಬೇರೆ. ಎಂಟು ತಿಂಗಳು ಬೇಕು ಎಂದಳು. ಸಲಹೆಗಾರರು ನಕ್ಕು, ಮುಂದೆ ಯಾರು ಬರುತ್ತಾರೋ ಎಂದು ಈಗಲೇ ಮನೆಗೆ ಹದಿನೆಂಟು ಬಾಗಿಲು ಇಡಿಸುತ್ತಾರೆಯೇ ಎಂದು ಕೇಳಿದರು. ಸುತ್ತಲಿದ್ದವರೂ ನಕ್ಕರು.

“ಬಾಗಿಲು ಈಗಲೇ ಇಡಬೇಕಿಲ್ಲ ಸರ್,” ಎಂದಳಂತೆ ನನ್ನ ಸೊಸೆ. “ಮುಂದೆ ಇಡಬೇಕಾದಾಗ ಗೋಡೆ ಒಡೆಯೋ ಹಾಗಾಗಬಾರದು, ಅಷ್ಟೇ.”

ನಿರ್ದೇಶಕರು, ಆರು ತಿಂಗಳು ಕೊಡುತ್ತೇನೆ, ಜೊತೆಗೆ ಒಬ್ಬ ಸಹಾಯಕಿ, ಆದರೆ ಪರದೆ ಮಾತ್ರ ಸಭೆಯ ದಿನಕ್ಕೆ ಬೇಕೇ ಬೇಕು ಎಂದರು. ಆ ಸಹಾಯಕಿ ಲೆಕ್ಕಶಾಸ್ತ್ರ ಓದಿದ ಚುರುಕು ಹುಡುಗಿ. ಮಾತು ಕಡಿಮೆ, ಕೆಲಸ ಹೆಚ್ಚು. ಇಬ್ಬರೂ ಒಂದು ರಕ್ತನಿಧಿಯನ್ನು ಹಿಡಿದು ಆರಂಭಿಸಿದರು. ಅದು ಸರಿ ಕೂತ ಮೇಲೆ ಎರಡನೆಯದು, ಆಮೇಲೆ ಐದು. ಆರು ತಿಂಗಳಿಗೆ ಇಪ್ಪತ್ಮೂರೂ ಒಳಗೆ ಬಂದವು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸಭೆಯ ದಿನ ಮಾತ್ರ ಮರ್ಯಾದೆ ಹೋಯಿತು. ಇನ್ನೂರು ಜನರೆದುರು ನಿರ್ದೇಶಕರು ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಕುರ್ಚಿಗಳು ಕಿರುಗುಟ್ಟಿದವು, ಕೆಮ್ಮು ಕೇಳಿಸಿತು. ನಾಲ್ಕು ನಿಮಿಷದ ಮೇಲೆ ಲೆಕ್ಕ ಬಂತು. ಅಂಕಿ ಒಂದೂ ತಪ್ಪಿರಲಿಲ್ಲ. ಆದರೆ ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, ಉಗ್ರಾಣದ ಬೀಗದ ಕೈ ಕಳೆದುಹೋಗಿರಬೇಕು ಎಂದಾಗಿತ್ತು. ಇಡೀ ಸಭೆ ನಕ್ಕಾಗಿತ್ತು.

ಅವಳು ಅವತ್ತು ಬೇಗ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳೇ ಸೀದಾ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ನಾನು ಏನನ್ನೂ ಕೇಳಲಿಲ್ಲ. ವಾರ್ಡಿನಲ್ಲಿ ಕೆಟ್ಟ ದಿನ ಕಳೆದು ಬಂದಾಗ ನನ್ನನ್ನು ಯಾರಾದರೂ ಕೇಳಿದ್ದರೆ ನನಗೆ ಮೈ ಉರಿಯುತ್ತಿತ್ತು. ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ. ಐದಾರು ತಟ್ಟೆ ಕಳೆದ ಮೇಲೆ ಅವಳೇ ಬಾಯಿ ಬಿಟ್ಟಳು.

“ತಪ್ಪು ನಂದೇ ಅತ್ತೆ. ಕೂಡಿಡೋದರ ಬಗ್ಗೆ ಅಷ್ಟು ಯೋಚಿಸಿದೆ, ಬಡಿಸೋದರ ಬಗ್ಗೆ ಯೋಚಿಸಲೇ ಇಲ್ಲ.”

ಅಷ್ಟು ಸಣ್ಣಗೆ ಬಿಡಿಬಿಡಿಯಾಗಿ ಇಟ್ಟಿದ್ದರಿಂದ, ಒಂದು ಪ್ರಶ್ನೆ ಕೇಳಿದರೆ ಕಂಪ್ಯೂಟರು ಹತ್ತಾರು ಕಡೆ ಓಡಾಡಿ ಜೋಡಿಸಿಕೊಂಡು ಬರಬೇಕಿತ್ತು. ನಕ್ಷೆಯನ್ನೇ ಕೈಬಿಡುತ್ತೀಯಾ ಎಂದು ಕೇಳಿದೆ. ಇಲ್ಲ ಎಂದಳು. ಆ ‘ಇಲ್ಲ’ದಲ್ಲಿ ಅಳುವಿರಲಿಲ್ಲ. ಹಟವೂ ಇರಲಿಲ್ಲ. ಸೂಜಿ ಚುಚ್ಚುವ ಮೊದಲು ನರ ಸಿಕ್ಕಿದೆ ಎಂದು ಗೊತ್ತಾದಾಗ ನಮಗೊಂದು ಧೈರ್ಯ ಬರುತ್ತದಲ್ಲ, ಅಂಥದ್ದು ಇತ್ತು.

ಮುಂದಿನ ಐದು ವಾರದಲ್ಲಿ ಅವರಿಬ್ಬರೂ ಆ ಉಗ್ರಾಣದ ಮುಂದೆ ಇನ್ನೊಂದು ಹಂತ ಕಟ್ಟಿದರು. ದಿನಾ ಕೇಳುವ ಪ್ರಶ್ನೆಗಳಿಗೆ ಮೊದಲೇ ಜೋಡಿಸಿಟ್ಟ ಸಣ್ಣ ಸಣ್ಣ ಪಟ್ಟಿಗಳು. ಅವು ಬೇಕಾದಾಗ ಕಟ್ಟಿ ಬೇಡವಾದಾಗ ಕೆಡವುವಂಥವು; ಕೆಡವಿದರೆ ನಷ್ಟವಿಲ್ಲ, ಮೂಲ ಹಿಂದೆ ಭದ್ರವಾಗಿರುತ್ತದೆ. ಆಮೇಲೆ ಪರದೆ ಎರಡು ಸೆಕೆಂಡಿನಲ್ಲಿ ತೆರೆಯತೊಡಗಿತು. ಅದನ್ನು ನೋಡಲು ಈಗ ಇನ್ನೂರು ಜನ ಇರಲಿಲ್ಲ ಎನ್ನುವುದು ಬೇರೆ ಮಾತು. ಬೀಗದ ಕೈಯ ಜೋಕು ಮಾತ್ರ ಕಚೇರಿಯ ಕ್ಯಾಂಟೀನಿನಲ್ಲಿ ವರ್ಷಪೂರ್ತಿ ಓಡಾಡಿತು. ಸಲಹೆಗಾರರು ಬೇರೆ ಕೆಲಸ ಹಿಡಿದು ಹೋದರು.

ಒಂದು ವರ್ಷ ಕಳೆದ ಮೇಲೆ ಹಾಲಿನ ವಿಷಯ ಬಂತು.

ದಿನ ತುಂಬದೆ ಹುಟ್ಟಿದ ಮಕ್ಕಳ ತಾಯಂದಿರಿಗೆ ಕೆಲವೊಮ್ಮೆ ಹಾಲು ಬರುವುದಿಲ್ಲ. ಬೇರೆ ತಾಯಂದಿರು ಕೊಟ್ಟ ಎದೆಹಾಲನ್ನು ಕಾಯಿಸಿ, ಮಂಜುಗಡ್ಡೆಯಂತೆ ಗಟ್ಟಿಯಾಗಿಸಿಟ್ಟು, ಅಂಥ ಮಕ್ಕಳಿಗೆ ಕುಡಿಸುವ ವ್ಯವಸ್ಥೆಯೊಂದು ನಾನು ನಿವೃತ್ತಳಾದ ಆಸ್ಪತ್ರೆಯಲ್ಲೇ ಶುರುವಾಯಿತು. ಅಲ್ಲಿಂದ ಆರು ಆಸ್ಪತ್ರೆಗಳಿಗೆ ಹಾಲು ಹೋಗಬೇಕು. ಅದರ ಲೆಕ್ಕವನ್ನೂ ರಕ್ತದ ಕಚೇರಿಯೇ ನೋಡಿಕೊಳ್ಳಲಿ, ಅದೂ ಬರುವ ತಿಂಗಳ ಒಂದನೇ ತಾರೀಖಿನಿಂದ ಎಂದು ಮೇಲಿನಿಂದ ಆದೇಶ ಬಂತು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು. ರಕ್ತದಲ್ಲಿ ಒಬ್ಬರು ಕೊಟ್ಟರೆ ಒಂದು ಚೀಲ. ಹಾಲಿನಲ್ಲಿ ನಾಲ್ಕೈದು ತಾಯಂದಿರದ್ದು ಒಂದು ಪಾತ್ರೆಗೆ ಸೇರಿ, ಅದು ಇಪ್ಪತ್ತು ಬಾಟಲಿಯಾಗಿ, ಒಂದೊಂದು ಬಾಟಲಿ ಎರಡು ಮೂರು ಮಕ್ಕಳಿಗೆ ಹೋಗುತ್ತದೆ. ಎಷ್ಟು ತಿಂಗಳು ಬೇಕು ಎಂದು ಅವರು ಅಳುಕುತ್ತಲೇ ಕೇಳಿದರು. ಎರಡು ವಾರ ಸಾಕು ಎಂದಳು ನನ್ನ ಸೊಸೆ.

ಮರುದಿನ ಅವಳು ನನ್ನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನಿಲ್ಲದೆ ಅಲ್ಲಿಯ ಬರವಣಿಗೆ ಅವಳಿಗೆ ಅರ್ಥವಾಗದು ಎಂಬುದು ನೆಪ. ನನ್ನನ್ನು ಮನೆಯಿಂದ ಹೊರಗೆ ಹೊರಡಿಸಬೇಕಿತ್ತು ಅವಳಿಗೆ. ಅಲ್ಲಿನ ಈಗಿನ ಹಿರಿಯ ನರ್ಸು ನನ್ನ ಕೈಯಲ್ಲೇ ಕೆಲಸ ಕಲಿತವಳು. ನನ್ನನ್ನು ಕಂಡವಳೇ ಕುರ್ಚಿ ಬಿಟ್ಟು ಎದ್ದಳು. ಹಾಲಿನ ಕೋಣೆಯಲ್ಲಿ ಟೋಪಿ, ಮುಖಗವಸು ಹಾಕಿಕೊಂಡು ಒಂದು ಬೆಳಗೆಲ್ಲ ನಿಂತೆವು. ಸೊಸೆ ಯಂತ್ರಗಳನ್ನು ನೋಡಲಿಲ್ಲ, ಕೈಗಳನ್ನು ನೋಡುತ್ತಿದ್ದಳು. ಯಾರು ಎಲ್ಲಿ ಏನು ಬರೆಯುತ್ತಾರೆ, ಕೈ ಒದ್ದೆಯಿದ್ದಾಗ ಏನನ್ನು ಬರೆಯದೆ ಬಿಡುತ್ತಾರೆ, ಯಾವುದನ್ನು ಅಂಚಿನಲ್ಲಿ ಗೀಚುತ್ತಾರೆ. ನಾನು ಅವಳ ಕಿವಿಯಲ್ಲಿ, ಹಾಲು ಕರಗಿಸಿದ ಹೊತ್ತನ್ನು ಬರೆಯಲು ಜಾಗ ಮಾಡು, ಇಲ್ಲದಿದ್ದರೆ ಅಂಗೈ ಮೇಲೆ ಬರೆದುಕೊಂಡು ಆಮೇಲೆ ಕೈ ತೊಳೆದುಬಿಡುತ್ತಾರೆ ಎಂದೆ. ಅದನ್ನವಳು ಬರೆದುಕೊಂಡಳು.

ಹನ್ನೊಂದು ದಿನದಲ್ಲಿ ಹಾಲು ಉಗ್ರಾಣದೊಳಗೆ ಬಂತು. ಹಾಲು ಕೊಡುವ ತಾಯಂದಿರಲ್ಲಿ ಕೆಲವರು ಹಿಂದೆ ರಕ್ತ ಕೊಟ್ಟವರೇ ಆಗಿದ್ದರು. ಅವರಿಗೆ ಇದ್ದ ನಂಬರೇ ಸಾಕಾಯಿತು. ಪಾತ್ರೆ, ಬಾಟಲಿ, ಮಗು ಇವುಗಳಿಗೆ ಹೊಸ ನಂಬರು, ಹೊಸ ನಂಟು. ಹಳೆಯದರ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸಿರಲಿಲ್ಲ. ರಕ್ತದ ನಲವತ್ತೊಂದು ವರದಿಗಳನ್ನು ಮೊದಲು ಹೇಗಿದ್ದವು, ಈಗ ಹೇಗಿವೆ ಎಂದು ಸಹಾಯಕಿ ಸಾಲು ಸಾಲಾಗಿ ತಾಳೆ ನೋಡಿದಳು. ಒಂದಂಕಿಯೂ ಕದಲಿರಲಿಲ್ಲ. ನಿರ್ದೇಶಕರು ನಂಬದೆ ಇನ್ನೊಮ್ಮೆ ನೋಡಲು ಹೇಳಿದರಂತೆ.

ಅದಾದ ಎರಡು ತಿಂಗಳಿಗೆ, ಒಂದು ಮಂಗಳವಾರ ಬೆಳಗ್ಗೆ, ಯಂತ್ರಗಳ ತಪಾಸಣೆಗೆ ಬಂದ ಮೆಕ್ಯಾನಿಕ್ ಹಾಲಿನ ಕೋಣೆಯಲ್ಲಿ ಒಂದು ದೋಷ ಕಂಡುಹಿಡಿದ. ಹಾಲು ಕಾಯಿಸುವ ಎರಡು ಯಂತ್ರಗಳಿದ್ದವು. ಅದರಲ್ಲಿ ಚಿಕ್ಕದಕ್ಕೆ ಮೂರು ವಾರದ ಹಿಂದೆ ಹೊಸ ಉಷ್ಣಮಾಪಕ ಹಾಕಿದ್ದರು. ಅದು ಇದ್ದದ್ದಕ್ಕಿಂತ ಹೆಚ್ಚು ಬಿಸಿ ತೋರಿಸುತ್ತಿತ್ತು. ಅಂದರೆ ಮೂರು ವಾರದಿಂದ ಅದರಲ್ಲಿ ಕಾದ ಹಾಲು ಸರಿಯಾಗಿ ಕಾದಿರಲಿಲ್ಲ. ಅಂಗೈಯಗಲದ ಮಕ್ಕಳಿಗೆ ಆ ಹಾಲು ಹೋಗಿತ್ತು. ಯಾವ ಮಕ್ಕಳಿಗೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಿರಿಯ ನರ್ಸು ಸೊಸೆಯ ಕಚೇರಿಗೆ ಫೋನು ಮಾಡಿದಳು. ಗೊತ್ತಾಗದಿದ್ದರೆ ಆರೂ ಆಸ್ಪತ್ರೆಯಲ್ಲಿ ಹಾಲು ನಿಲ್ಲಿಸಬೇಕು. ನಿಲ್ಲಿಸಿದರೆ ಅದನ್ನೇ ನಂಬಿಕೊಂಡಿರುವ ಅರವತ್ತಕ್ಕೂ ಹೆಚ್ಚು ಮಕ್ಕಳ ಗತಿಯೇನು? ರಿಜಿಸ್ಟರುಗಳನ್ನು ತಿರುವಿ ಹುಡುಕಿದರೆ ಮೂರು ದಿನ ಹಿಡಿಯುತ್ತದೆ.

ಯಾವ ಪಾತ್ರೆ ಯಾವ ಯಂತ್ರದಲ್ಲಿ ಕಾಯಿತು ಎಂದು ಬರೆಯಲು ಆಸ್ಪತ್ರೆಯ ನಮೂನೆಯಲ್ಲಿ ಕಾಲಂ ಇರಲಿಲ್ಲ. ಸೊಸೆಯ ನಕ್ಷೆಯಲ್ಲೂ ಇರಲಿಲ್ಲ. ಆದರೆ ಬಂದದ್ದನ್ನೆಲ್ಲ ಬಂದ ಹಾಗೆಯೇ ಎತ್ತಿಟ್ಟಿದ್ದಳಲ್ಲ, ಅವಳು ಅದನ್ನು ತೆರೆದು ನೋಡಿದಳು. ಷರಾ ಎಂಬ ಕಾಲಂನಲ್ಲಿ ಪ್ರತಿ ಪಾತ್ರೆಯ ಎದುರಿಗೂ ಒಂದಕ್ಷರ ಇತ್ತು. ಹಿರಿಯ ನರ್ಸಿನ ಫೋನು ಅಷ್ಟರಲ್ಲಿ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಅದು ಸಿಗದೆ ಸೊಸೆ ನನಗೆ ಫೋನು ಮಾಡಿದಳು.

“ಅತ್ತೆ, ಷರಾದಲ್ಲಿ ಕೆಲವಕ್ಕೆ ‘ದೊ’ ಅಂತಿದೆ, ಕೆಲವಕ್ಕೆ ‘ಚಿ’ ಅಂತಿದೆ. ಏನಿರಬಹುದು?”

ನಾನು ಬಟ್ಟೆ ಒಣಹಾಕುತ್ತಿದ್ದೆ. ಹಾಲಿನ ಕೋಣೆಯಲ್ಲಿ ಕೆಲಸದ ಹುಡುಗಿಯರು ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದದ್ದು ನೆನಪಿಗೆ ಬಂತು.

“ದೊಡ್ಡದು, ಚಿಕ್ಕದು ಕಣಮ್ಮಾ. ಯಂತ್ರಗಳನ್ನ ಅವರು ಹಾಗೇ ಕರೆಯೋದು. ಆದ್ರೂ ನನ್ನ ಮಾತೊಂದನ್ನೇ ನಂಬಬೇಡ, ವಾರ್ಡಿನಲ್ಲಿ ಕೇಳಿಸು.”

ಸಹಾಯಕಿ ವಾರ್ಡಿಗೆ ಓಡಿದಳು. ಕಚೇರಿಯಿಂದ ಎರಡೇ ಬೀದಿ. ಹಾಲು ಕಾಯಿಸುವ ಮೂವರನ್ನೂ ಬೇರೆ ಬೇರೆಯಾಗಿ ಕೇಳಿದಳು. ಮೂವರೂ ಅದನ್ನೇ ಹೇಳಿದರು. ಅಷ್ಟರಲ್ಲಿ ಸೊಸೆ ಎರಡು ಯಂತ್ರಗಳಿಗೂ ಒಂದೊಂದು ಹೊಸ ನಂಬರು ಕೊಟ್ಟು, ಯಂತ್ರಕ್ಕೂ ಪಾತ್ರೆಗೂ ನಂಟು ಹಾಕಿ ಮುಗಿಸಿದ್ದಳು. ಯಂತ್ರದಿಂದ ಪಾತ್ರೆ, ಪಾತ್ರೆಯಿಂದ ಬಾಟಲಿ, ಬಾಟಲಿಯಿಂದ ಮಗು. ಫೋನು ಬಂದ ಐವತ್ತನೆಯ ನಿಮಿಷಕ್ಕೆ ಪಟ್ಟಿ ಹಿರಿಯ ನರ್ಸಿನ ಕೈಯಲ್ಲಿತ್ತು. ನಾಲ್ಕು ಆಸ್ಪತ್ರೆಗಳ ಹತ್ತೊಂಬತ್ತು ಮಕ್ಕಳು. ಅದರಲ್ಲಿ ಮೂವರು ಆಗಲೇ ಮನೆಗೆ ಹೋಗಿದ್ದರು. ಇನ್ನೂ ಕುಡಿಸದ ಮೂವತ್ತೊಂದು ಬಾಟಲಿ ಯಾವ ಯಾವ ಫ್ರಿಜ್ಜಿನಲ್ಲಿವೆ ಎಂಬುದೂ ಅದರಲ್ಲಿತ್ತು.

ಬಾಟಲಿಗಳನ್ನು ತೆಗೆಸಿದರು. ದೊಡ್ಡ ಯಂತ್ರದ ಹಾಲು ನಿಲ್ಲಲಿಲ್ಲ. ಉಳಿದ ಮಕ್ಕಳು ಹೊತ್ತು ಹೊತ್ತಿಗೆ ಕುಡಿದವು. ಹತ್ತೊಂಬತ್ತನ್ನೂ ಪರೀಕ್ಷೆ ಮಾಡಿದರು. ಮನೆಗೆ ಹೋದ ಮೂವರನ್ನು ಅಂದು ಮಧ್ಯಾಹ್ನದೊಳಗೆ ಕರೆಸಿಕೊಂಡರು. ಇಬ್ಬರಿಗೆ ಸೋಂಕು ಶುರುವಾಗಿತ್ತು, ಅದರಲ್ಲೊಂದು ಮನೆಗೆ ಹೋದ ಮಗು. ಇನ್ನೊಂದು ದಿನ ತಡವಾಗಿದ್ದರೆ ಮಾತು ಬೇರೆ ಇರುತ್ತಿತ್ತು ಎಂದು ಅಲ್ಲಿಯ ಡಾಕ್ಟರೇ ಹೇಳಿದರು. ಹತ್ತು ದಿನದಲ್ಲಿ ಎರಡೂ ಗುಣವಾದವು. ಅವುಗಳ ತೂಕ ಏರುತ್ತಿರುವುದನ್ನು ಹಿರಿಯ ನರ್ಸು ದಿನಾ ನನಗೆ ಫೋನಿನಲ್ಲಿ ಹೇಳುತ್ತಿದ್ದಳು. ನಾನು ಕೇಳುತ್ತಿರಲಿಲ್ಲ, ಅವಳೇ ಹೇಳುತ್ತಿದ್ದಳು.

ಮೂರು ತಿಂಗಳ ನಂತರ ಬೇರೆ ಪ್ರಾಂತ್ಯಗಳಿಂದ ಹದಿನಾಲ್ಕು ಜನ ಆ ನಕ್ಷೆಯನ್ನು ನೋಡಲು ಬಂದರು. ಸಭೆಗೆ ನನ್ನನ್ನೂ ಕರೆದಿದ್ದರು. ನನ್ನ ಮಗ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾನು ಓಡಿಸುವ ಬಸ್ಸಿನಲ್ಲೇ ಟಿಕೇಟು ತೆಗೆದುಕೊಂಡು ನನ್ನನ್ನು ಕರೆತಂದ. ನಿರ್ದೇಶಕರು ಎದ್ದು ನಿಂತು, ಇದನ್ನು ಕಟ್ಟುವುದು ಬೇಡವೆಂದು ತಾವೇ ಅರ್ಧ ಮನಸ್ಸು ಮಾಡಿದ್ದುದನ್ನು ಎಲ್ಲರೆದುರು ಒಪ್ಪಿಕೊಂಡರು. ಅವರ ಬಗ್ಗೆ ನನಗೆ ಅಂದು ಗೌರವ ಹೆಚ್ಚಿತು.

ಸೊಸೆ ಒಂದು ಗಂಟೆ ಮಾತಾಡಿದಳು. ನಾಲ್ಕು ನಿಮಿಷದ ಪರದೆಯ ಕಥೆಯನ್ನೂ ಮುಚ್ಚಿಡಲಿಲ್ಲ. ಕೊನೆಯಲ್ಲಿ, ನಕ್ಷೆ ನೋಡಲು ಬಂದವರಲ್ಲೊಬ್ಬ ಹಿರಿಯರು, ಮುಂದೆ ಇದಕ್ಕೆ ಏನನ್ನು ಸೇರಿಸುತ್ತೀರಿ ಎಂದು ಕೇಳಿದರು.

“ಗೊತ್ತಿಲ್ಲ ಸರ್,” ಎಂದಳು. “ಗೊತ್ತಿಲ್ಲ ಅಂತಾನೇ ಹೀಗೆ ಕಟ್ಟಿರೋದು.”

ಚಪ್ಪಾಳೆ ಶುರುವಾದದ್ದು ನಮ್ಮ ಸಾಲಿನಿಂದ. ನಾನೇ ಶುರು ಮಾಡಿದ್ದು, ಸುಳ್ಳೇಕೆ ಹೇಳಲಿ. ನನ್ನ ಮಗ ಮುಜುಗರದಿಂದ ನನ್ನ ಮೊಣಕೈ ತಿವಿದ. ಆದರೆ ಅವನ ಕಣ್ಣೂ ಒದ್ದೆಯಾಗಿತ್ತು. ಮೂವತ್ತಾರು ವರ್ಷದಲ್ಲಿ ನಾನೂ ಒಂದೆರಡು ಸನ್ಮಾನ ಕಂಡವಳೇ. ಆಗ ಎದೆ ಇಷ್ಟು ತುಂಬಿ ಬಂದಿರಲಿಲ್ಲ. ಟೀ ಕುಡಿಯುವಾಗ ಆ ಹಿರಿಯರು ಬಂದು, ನೀವು ಅವರ ತಾಯಿಯೇ ಎಂದು ವಿಚಾರಿಸಿದರು. ಅತ್ತೆ ಎಂದೆ. ಇನ್ನೊಂದು ಸಲ ನನ್ನ ಮುಖ ನೋಡಿ, ಕೈ ಮುಗಿದು ಹೋದರು.

ಹೋದ ತಿಂಗಳು ನೇತ್ರನಿಧಿಯ ಲೆಕ್ಕವೂ ಉಗ್ರಾಣಕ್ಕೆ ಸೇರಿತು. ಆರು ದಿನ ಹಿಡಿಯಿತು. ಏಳನೆಯ ದಿನ ಅವಳು ರಜೆ ಹಾಕಿ ಮಧ್ಯಾಹ್ನದವರೆಗೂ ಮಲಗಿದ್ದಳು. ಅಂಚೆಯವನು ಬಂದ, ಕೆಳಗಿನ ಮನೆಯಾಕೆ ಬಂದರು, ಕಚೇರಿಯಿಂದ ಎರಡು ಫೋನು ಬಂದವು. ಅವಳು ನಿದ್ದೆ ಮಾಡುತ್ತಿದ್ದಾಳೆ, ಎಬ್ಬಿಸುವುದಿಲ್ಲ ಎಂದು ಎಲ್ಲರಿಗೂ ಹೇಳಿ, ಬಾಗಿಲು ಮುಂದಕ್ಕೆಳೆದುಕೊಂಡು ಪಡಸಾಲೆಯಲ್ಲಿ ಕೂತಿದ್ದೆ.